ಯಾವ ಪಿಸ್ತೂಲು ಒಳ್ಳೆಯದು?

ಕನ್ನಡ ಸಿನಿಮಾದಲ್ಲಿ ಲಾಂಗು-ಮಚ್ಚುಗಳ ಝಳಪು ಹೆಚ್ಚಿದಾಗ ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. 1995ರಲ್ಲಿ ತೆರೆಕಂಡ 'ಓಂ' ಚಿತ್ರದ ಯಶಸ್ಸಿನ ಬೆನ್ನಿಗೆ ಬಂದ ರೌಡಿ ಚಿತ್ರಗಳ ಸಾಲನ್ನು ವಿಮರ್ಶಕರು ಟೀಕಿಸಿದರು. ಹುಡುಗರು ಹಾಳಾಗುತ್ತಾರೆ ಎಂದು ಹಿರಿಯರು ಆತಂಕಪಟ್ಟರು. ಆದರೆ ಪಿಸ್ತೂಲಿನ ಕುರಿತು ಅನುಕೂಲಸ್ಥರ ನಡುವೆ ನಡೆಯುವ ಮಾತುಕತೆಯನ್ನು ಯಾರೂ ಅದೇ ಗಂಭೀರತೆಯಿಂದ ವಿಮರ್ಶೆಗೆ ಒಳಪಡಿಸಿದಂತಿಲ್ಲ. ಮಚ್ಚು ರೌಡಿಯ ಕೈಯಲ್ಲಿರುವುದು, ಪಿಸ್ತೂಲು ಗೌರವಸ್ಥರ ಸೊಂಟದಲ್ಲಿರುವುದು ಎಂಬ ಭಾವನೆ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಒಂದರ ಮಾತು ಬಂದರೆ ಹೆದರುವ ನಾವು ಇನ್ನೊಂದರ ಮಾತನ್ನು ಕುತೂಹಲದಿಂದ ಕೇಳಿಸಿಕೊಳ್ಳುತ್ತೇವೆ.

ಬೆಂಗಳೂರಿನ ಉತ್ತರ ಭಾಗದಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಹೆಬ್ಬಾಳದಿಂದ ಯಲಹಂಕದವರೆಗಿನ ಹೆದ್ದಾರಿಯ ಎರಡೂ ಬದಿಯ ಭೂಮಿಗೆ ಬಂಗಾರದ ಬೆಲೆ ಬಂತು. ಬೆಲೆಯ ಜತೆಗೆ ವ್ಯಾಜ್ಯ ಬಂತು, ವ್ಯಾಜ್ಯದ ಜತೆಗೆ ಭಯವೂ ಬಂತು. ಆತ್ಮರಕ್ಷಣೆಯ ಕಾರಣ ಕೊಟ್ಟು ಆಯುಧ ಪರವಾನಗಿ ಪಡೆದ ಬಿಲ್ಡರು, ಗುತ್ತಿಗೆದಾರ, ಆಭರಣ ವ್ಯಾಪಾರಿ, ಜತೆಗೆ ನಿವೃತ್ತ ಅಧಿಕಾರಿ ಒಂದು ಮದುವೆ ಮಂಟಪದಲ್ಲಿ ಸೇರಿದರೆಂದರೆ ಊಟದ ನಂತರದ ಮಾತು ಎಲ್ಲಿಗೆ ಹೋಗುತ್ತದೆಂದು ಹೇಳಬೇಕಿಲ್ಲ. ನಿಮ್ಮದು ಯಾವುದು? ರಿವಾಲ್ವರೋ ಪಿಸ್ತೂಲೋ? ಕಾನ್ಪುರದ್ದೋ, ಹಳೆಯ ವಿದೇಶಿಯೋ? ಟ್ರಿಗರ್ ಗಟ್ಟಿಯೋ, ಹಗುರವೋ? ಕಾರು ಕೊಂಡವರೂ ಮೊಬೈಲು ಕೊಂಡವರೂ ಆಡುವಂಥದ್ದೇ ಧಾಟಿಯ ಮಾತು ಇದು.

ಈ ಹೋಲಿಕೆಯ ಹಿಂದೆ ಒಂದು ವಿಚಿತ್ರ ಮಾರುಕಟ್ಟೆ ಇದೆ. ಪೊಲೀಸರೂ ಸೈನಿಕರೂ ಬಳಸುವ 9 ಎಂ.ಎಂ. ಮದ್ದುಗುಂಡು ನಮ್ಮ ದೇಶದಲ್ಲಿ ಸಾಮಾನ್ಯ ಪರವಾನಗಿದಾರರಿಗೆ ನಿಷಿದ್ಧ. ಅವರ ಪಾಲಿಗೆ ಉಳಿಯುವುದು ಮುಖ್ಯವಾಗಿ .32 ಬೋರ್. 1980ರ ದಶಕದ ಮಧ್ಯಭಾಗದಿಂದ ಖಾಸಗಿ ವ್ಯಕ್ತಿಗಳು ವಿದೇಶದಿಂದ ಕೈಬಂದೂಕು ತರಿಸಿಕೊಳ್ಳುವುದಕ್ಕೆ ತಡೆ ಬಿತ್ತು. ಹೆಸರಾಂತ ಶೂಟಿಂಗ್ ಕ್ರೀಡಾಪಟುಗಳಿಗೆ ಮಾತ್ರ ವಿನಾಯಿತಿ ಉಳಿಯಿತು. ಹೀಗಾಗಿ ಅದಕ್ಕೂ ಮೊದಲು ದೇಶದೊಳಗೆ ಬಂದಿದ್ದ ಬರ್ಮಿಂಗ್‌ಹ್ಯಾಮಿನ ವೆಬ್ಲಿ ಆಂಡ್ ಸ್ಕಾಟ್, ಜರ್ಮನಿಯ ವಾಲ್ಥರ್, ಬೆಲ್ಜಿಯಂನ ಬ್ರೌನಿಂಗ್‌ಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಾ ಲಕ್ಷಗಟ್ಟಲೆ ಬೆಲೆಯ ವಸ್ತುಗಳಾದವು. ಮತ್ತೊಂದು ಕಡೆ ಸರಕಾರಿ ಶಸ್ತ್ರಾಸ್ತ್ರ ಕಾರ್ಖಾನೆಗಳ .32 ರಿವಾಲ್ವರ್ ಮತ್ತು 'ಅಶನಿ' ಪಿಸ್ತೂಲು. 2021ರ ಅಕ್ಟೋಬರ್‌ನಲ್ಲಿ ಶಸ್ತ್ರಾಸ್ತ್ರ ಕಾರ್ಖಾನೆಗಳ ಮಂಡಳಿಯನ್ನು ಏಳು ಕಂಪನಿಗಳಾಗಿ ಒಡೆದ ಮೇಲೆ ಈ ಕೆಲಸ ಕಾನ್ಪುರದಲ್ಲಿ ಕೇಂದ್ರ ಕಚೇರಿಯಿರುವ ಸರಕಾರಿ ಕಂಪನಿಯೊಂದರ ಪಾಲಾಯಿತು. ಆಯ್ಕೆ ಕಡಿಮೆಯಿದ್ದಲ್ಲಿ ಮಾತು ಹೆಚ್ಚು ಎಂಬಂತೆ, ಇರುವ ನಾಲ್ಕಾರು ಹೆಸರುಗಳ ಸುತ್ತಲೇ ದೊಡ್ಡ ರಸಜ್ಞತೆಯೊಂದು ಬೆಳೆದಿದೆ.

ಆದರೆ 'ಬಳಸಿ ನೋಡುವುದು' ಎಂಬುದಕ್ಕೆ ಇಲ್ಲಿ ಬಹಳ ಕಡಿಮೆ ಅವಕಾಶ. ಪರವಾನಗಿ ಇರುವುದು ಒಬ್ಬ ನಿರ್ದಿಷ್ಟ ವ್ಯಕ್ತಿಗೆ, ಅದರಲ್ಲಿ ನಮೂದಾದ ಆಯುಧಕ್ಕೆ. ಅದು ಗೆಳೆಯನ ಕೈಗೆ ಕೊಟ್ಟು 'ಸ್ವಲ್ಪ ನೋಡು' ಎನ್ನುವ ವಸ್ತುವಲ್ಲ. ಎಷ್ಟು ಗುಂಡು ಕೊಳ್ಳಬಹುದೆಂಬುದಕ್ಕೂ ಮಿತಿಯಿದೆ. 2019ರ ತಿದ್ದುಪಡಿಯ ಪ್ರಕಾರ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಅಂದರೆ ನಮ್ಮಲ್ಲಿ ನಡೆಯುವ ಹೋಲಿಕೆಯ ಬಹುಪಾಲು ಹಾರಿಸಿ ನೋಡಿದ ಅನುಭವದಿಂದ ಬಂದದ್ದಲ್ಲ. ತೂಕ, ಹಿಡಿ, ಹೊಳಪು, ಹೆಸರು, ಬೆಲೆ ಇವೇ ಅದರ ಆಧಾರ.

ಹಾಗೆಂದು ಈ ಹೋಲಿಕೆಯೆಲ್ಲ ವ್ಯರ್ಥವೆಂದು ತಳ್ಳಿಹಾಕುವುದು ನ್ಯಾಯವಾಗದು. ಅದರಲ್ಲಿ ಜೀವ ಉಳಿಸುವ ತಿಳಿವಳಿಕೆಯೂ ಇದೆ. ಪಿಸ್ತೂಲಿನ ಮ್ಯಾಗಝೀನ್ ಹೊರತೆಗೆದ ಮಾತ್ರಕ್ಕೆ ಅದು ಖಾಲಿಯಾಗುವುದಿಲ್ಲ, ಕೊಳವೆಯ ಬುಡದ ಕೋಣೆಯಲ್ಲಿ ಒಂದು ಗುಂಡು ಉಳಿದಿರಬಹುದು ಎಂಬ ಸಂಗತಿ ಗೊತ್ತಿಲ್ಲದೆ ಸತ್ತವರೂ ಕೊಂದವರೂ ಲೋಕದಲ್ಲಿ ಬಹಳ. ರಿವಾಲ್ವರಿನ .32 ಗುಂಡು ಬೇರೆ, ಪಿಸ್ತೂಲಿನ .32 ಗುಂಡು ಬೇರೆ. ಸಂಖ್ಯೆ ಒಂದೇ ಎಂದು ಒಂದನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. 2016ರ ಆಯುಧ ನಿಯಮಗಳು ಸುರಕ್ಷಿತ ಬಳಕೆಯ ತರಬೇತಿಯನ್ನೂ ಸುರಕ್ಷಿತವಾಗಿ ಇಡುವ ಮುಚ್ಚಳಿಕೆಯನ್ನೂ ಕೇಳುತ್ತವೆ. ಸೇಫ್ಟಿ ಎಲ್ಲಿದೆ, ಕೈಜಾರಿ ಬಿದ್ದರೆ ಏನಾಗುತ್ತದೆ, ಎಷ್ಟು ಒತ್ತಿದರೆ ಟ್ರಿಗರ್ ಸಡಿಲಾಗುತ್ತದೆ ಎಂದು ಕೇಳುವವನು, ಏನನ್ನೂ ಕೇಳದೆ ಬೀರುವಿನಲ್ಲಿ ಬಿಸಾಡಿದವನಿಗಿಂತ ಜವಾಬ್ದಾರಿಯುತ.

ನಮ್ಮ ಆಕ್ಷೇಪ ಇರುವುದು ಆ ಮಾತು ಬಳಸುವ ಪದಗಳ ಬಗ್ಗೆ. ಅಲ್ಲಿ ಪದೇ ಪದೇ ಬರುವ ಒಂದು ಗುಣವಾಚಕ 'ನಂಬಿಗಸ್ತ' ಎಂಬುದು. ನಂಬಿಗಸ್ತ ಎಂದರೆ ಪ್ರತಿಸಲ ಒತ್ತಿದಾಗಲೂ ಗುಂಡು ಹಾರುತ್ತದೆ ಎಂದರ್ಥ. ಇನ್ನೊಂದು 'ಸ್ಟಾಪಿಂಗ್ ಪವರ್'. ಏನನ್ನು ನಿಲ್ಲಿಸುವ ಶಕ್ತಿ? ಎದುರಿನ ಮನುಷ್ಯನನ್ನು. ಆದರೆ ವಾಕ್ಯದಲ್ಲಿ ಆ ಮನುಷ್ಯ ಎಲ್ಲೂ ಕಾಣುವುದಿಲ್ಲ. ಕರ್ತೃ ಇದೆ, ಕ್ರಿಯೆ ಇದೆ, ಕರ್ಮ ಕಾಣೆಯಾಗಿದೆ. ಕಾರಿನ ಹೋಲಿಕೆಯಲ್ಲಿ ಮೈಲೇಜು ಎಂದರೆ ಇಂಧನ ನೆನಪಾಗುತ್ತದೆ, ಬ್ರೇಕು ಎಂದರೆ ರಸ್ತೆ ದಾಟುವವನು ನೆನಪಾಗುತ್ತಾನೆ. ಪಿಸ್ತೂಲಿನ ಹೋಲಿಕೆಯಲ್ಲಿ ಮಾತ್ರ ವಸ್ತು ಯಾವುದಕ್ಕಾಗಿ ತಯಾರಾಗಿದೆಯೋ ಅದನ್ನು ಹೇಳದೆಯೇ ಮಾತು ಮುಗಿಸಬಹುದು.

ಈ ಅಭ್ಯಾಸ ಪರವಾನಗಿದಾರರದು ಮಾತ್ರವಲ್ಲ ಎಂಬುದನ್ನೂ ಒಪ್ಪಬೇಕು. 1996ರಿಂದ ಯಲಹಂಕದ ವಾಯುನೆಲೆಯಲ್ಲಿ ನಡೆಯುತ್ತಿರುವ ಏರೋ ಇಂಡಿಯಾ ಪ್ರದರ್ಶನವನ್ನು ನೋಡಲು ಸುತ್ತಲಿನ ಬಡಾವಣೆಗಳ ಕುಟುಂಬಗಳು ಮಹಡಿಯ ಮೇಲೆ ಸೇರುತ್ತವೆ. 2025ರ ಫೆಬ್ರವರಿಯಲ್ಲಿ ಅಮೆರಿಕದ ಎಫ್-35 ಮತ್ತು ರಷ್ಯಾದ ಸು-57 ಒಂದೇ ಕಡೆ ಬಂದಾಗ ಯಾವುದು ಮೇಲು ಎಂಬ ಚರ್ಚೆ ಚಹಾದ ಅಂಗಡಿಗಳವರೆಗೂ ಬಂತು. ಆಯುಧವನ್ನು ಆಯುಧವೆಂದು ನೋಡದೆ ಯಂತ್ರವೆಂದು ನೋಡಿ ಮೆಚ್ಚುವುದನ್ನು ನಾವೆಲ್ಲ ಕಲಿತಿದ್ದೇವೆ. ಈ ಪ್ರದರ್ಶನಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿ ಇಲ್ಲಿ ಗಮನಾರ್ಹ. 2023ರಲ್ಲಿ ವಾಯುನೆಲೆಯ ಸುತ್ತ ಹತ್ತು ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾಂಸದಂಗಡಿಗಳನ್ನು ಹಲವು ದಿನ ಮುಚ್ಚಿಸಲಾಯಿತು. ಬಯಲಲ್ಲಿ ಬಿದ್ದ ಮಾಂಸಕ್ಕೆ ಹದ್ದುಗಳು ಬರುತ್ತವೆ, ಹದ್ದು ಬಡಿದರೆ ವಿಮಾನ ಬೀಳಬಹುದು ಎಂಬುದು ಕಾರಣ. ವ್ಯಾಪಾರಿಗಳಿಗೆ ನಷ್ಟವಾದರೂ ಕಾರಣ ಸರಿಯಾದದ್ದೇ. ಆಗಬಹುದಾದ ಒಂದು ಸಾವನ್ನು ಮುಂಚಿತವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದೆಂದರೆ ಇದು. ಪಿಸ್ತೂಲಿನ ಹೋಲಿಕೆಯಲ್ಲಿ ಇಲ್ಲದಿರುವುದು ಇದೇ ಲೆಕ್ಕ.

ಈ ಲೆಕ್ಕವನ್ನು ತಪ್ಪಿಸಿಕೊಂಡು ಪಿಸ್ತೂಲಿನ ಮಾತು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 'ನಿರ್ಭೀಕ್' ಉದಾಹರಣೆ. 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ನಂತರ, ಪತ್ರಿಕೆಗಳು ಸಂತ್ರಸ್ತೆಗೆ ಕೊಟ್ಟ 'ನಿರ್ಭಯಾ' ಎಂಬ ಹೆಸರನ್ನು ನೆನಪಿಸುವಂತೆ, 2014ರ ಜನವರಿಯಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ ಮಹಿಳೆಯರಿಗೆಂದು ಈ .32 ರಿವಾಲ್ವರನ್ನು ಮಾರುಕಟ್ಟೆಗೆ ತಂದಿತು. ಟೈಟಾನಿಯಂ ಮಿಶ್ರಲೋಹ, ಅರ್ಧ ಕಿಲೋ ತೂಕ, ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಸುವ ಗಾತ್ರ, ಒಡವೆಯ ಪೆಟ್ಟಿಗೆಯಂಥ ಪೆಟ್ಟಿಗೆ. ಬೆಲೆ 1,22,360 ರೂಪಾಯಿ. ತೂಕ ಮತ್ತು ಹಿಡಿಗಳ ಹೋಲಿಕೆಯಲ್ಲಿ ಅದು ಗೆದ್ದಿರಬಹುದು. ಆದರೆ ಪೀಣ್ಯದ ಗಾರ್ಮೆಂಟ್ ಕಾರ್ಖಾನೆಯಿಂದ ಕತ್ತಲಾದ ಮೇಲೆ ಯಶವಂತಪುರದಲ್ಲಿ ಬಸ್ಸಿಗೆ ಕಾಯುವ ಹೆಣ್ಣುಮಗಳಿಗೆ ಆ ಬೆಲೆ ಹಲವು ತಿಂಗಳ ಸಂಬಳ. ಅವಳಿಗೆ ಬೇಕಾದದ್ದು ಹೊತ್ತಿಗೆ ಬರುವ ಬಸ್ಸು, ಉರಿಯುವ ಬೀದಿದೀಪ, ದೂರು ಕೊಟ್ಟರೆ ಬರೆದುಕೊಳ್ಳುವ ಠಾಣೆ. ಇವನ್ನು ಕೊಡಬೇಕಾದ ಸರಕಾರವೇ ರಿವಾಲ್ವರನ್ನು ಮುಂದಿಟ್ಟಾಗ, ಸುರಕ್ಷತೆ ಎಂಬುದು ನಾಗರಿಕ ಹಕ್ಕಾಗಿ ಉಳಿಯದೆ ಕೊಳ್ಳಬೇಕಾದ ಸರಕಾಯಿತು. ಮಹಿಳಾ ಸಂಘಟನೆಗಳೂ ಬಂದೂಕು ನಿಯಂತ್ರಣದ ಪರವಾಗಿರುವವರೂ ಆಗಲೇ ಇದನ್ನು ಟೀಕಿಸಿದ್ದರು.

ಇನ್ನು .32 ಎಂಬ ಸಂಖ್ಯೆಯ ಕಡೆ ಬರೋಣ. ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ, ಬೆಲ್ಜಿಯಂನ ಎಫ್.ಎನ್. ಕಂಪನಿ 1899ರ ಹೊತ್ತಿಗೆ ಹೊರತಂದ ಪಿಸ್ತೂಲು ಗುಂಡು ಇದು. ಇಂಚಿನ ಲೆಕ್ಕದಲ್ಲಿ .32 ಎನಿಸಿಕೊಂಡ ಇದೇ ಗುಂಡಿಗೆ ಮೆಟ್ರಿಕ್ ಲೆಕ್ಕದಲ್ಲಿ ಇನ್ನೊಂದು ಹೆಸರಿದೆ, 7.65 ಎಂ.ಎಂ. ಈ ಎರಡನೆಯ ಹೆಸರನ್ನು ಕನ್ನಡದ ಓದುಗರು ಯಾವ ಬಂದೂಕಿನಂಗಡಿಯಲ್ಲೂ ಕಲಿಯಲಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆಯ ಬಾಗಿಲಲ್ಲಿ ವಚನ ಸಾಹಿತ್ಯದ ವಿದ್ವಾಂಸ ಎಂ.ಎಂ. ಕಲಬುರ್ಗಿಯವರು ಗುಂಡಿಗೆ ಬಲಿಯಾದಾಗ, 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ತಮ್ಮ ಮನೆಯೆದುರೇ ಪತ್ರಕರ್ತೆ ಗೌರಿ ಲಂಕೇಶ್ ಬಲಿಯಾದಾಗ, ದಿನಪತ್ರಿಕೆಗಳ ಮುಖಪುಟದಲ್ಲಿ ಕಲಿತೆವು.

ಆ ಎರಡು ಕೊಲೆಗಳ ತನಿಖೆಯಲ್ಲೂ ಪಿಸ್ತೂಲುಗಳ ಹೋಲಿಕೆ ನಡೆಯಿತು. ಆದರೆ ಅದು ಬೇರೆ ಬಗೆಯದು. ಪಿಸ್ತೂಲು ಹಾರಿದಾಗ ಅದರ ಮೊಳೆ ಗುಂಡಿನ ಹಿಂಬದಿಗೆ ಬಡಿದು ಒಂದು ತಗ್ಗು ಮಾಡುತ್ತದೆ. ಹಿಂದಕ್ಕೆ ಒತ್ತಿದ ಹಿತ್ತಾಳೆಯ ಕವಚದ ಮೇಲೆ ಲೋಹದ ಗೋಡೆಯ ಗೀರುಗಳು ಮೂಡುತ್ತವೆ. ಮುಂದಕ್ಕೆ ಹೋದ ಸೀಸದ ತುಂಡಿನ ಮೇಲೆ ಕೊಳವೆಯ ಒಳಗಿನ ಸುರುಳಿಗೆರೆಗಳು ಅಚ್ಚಾಗುತ್ತವೆ. ಒಂದೇ ಕಾರ್ಖಾನೆಯ ಒಂದೇ ಮಾದರಿಯ ಎರಡು ಪಿಸ್ತೂಲುಗಳ ಗುರುತು ಕೂಡ ಸೂಕ್ಷ್ಮವಾಗಿ ನೋಡಿದರೆ ಬೇರೆಬೇರೆ. 1920ರ ದಶಕದಲ್ಲಿ ಅಮೆರಿಕದಲ್ಲಿ ಫಿಲಿಪ್ ಗ್ರಾವೆಲ್, ಕ್ಯಾಲ್ವಿನ್ ಗೊಡಾರ್ಡ್ ಮೊದಲಾದವರು ಈ ಕೆಲಸಕ್ಕೆ ಬಳಕೆಗೆ ತಂದ ಹೋಲಿಕಾ ಸೂಕ್ಷ್ಮದರ್ಶಕದಲ್ಲಿ ಎರಡು ಕವಚಗಳನ್ನು ಎರಡು ಪೀಠಗಳ ಮೇಲಿಟ್ಟು ಒಂದೇ ಕಣ್ಣಳತೆಯಲ್ಲಿ ಅಕ್ಕಪಕ್ಕ ನೋಡಬಹುದು. ಅಂಥ ಪರೀಕ್ಷೆಯ ವರದಿಯನ್ನು ಆಧರಿಸಿ, ಧಾರವಾಡದ ಮತ್ತು ಬೆಂಗಳೂರಿನ ಗುಂಡುಗಳು ಒಂದೇ 7.65 ಎಂ.ಎಂ. ನಾಡಪಿಸ್ತೂಲಿನಿಂದ ಹಾರಿದವು ಎಂದು ಕರ್ನಾಟಕದ ವಿಶೇಷ ತನಿಖಾ ತಂಡ ಹೇಳಿತು. ತಪ್ಪಿತಸ್ಥರು ಯಾರೆಂದು ಹೇಳುವುದು ನ್ಯಾಯಾಲಯದ ಕೆಲಸ. ನಮ್ಮ ಪ್ರಸ್ತುತ ವಿಷಯಕ್ಕೆ ಮುಖ್ಯವಾದದ್ದು ಆ ಹೋಲಿಕೆಯ ಸ್ವರೂಪ. ಮದುವೆ ಮಂಟಪದ ಹೋಲಿಕೆ ಪಿಸ್ತೂಲು ಕೈಗೆ ಹೇಗನಿಸುತ್ತದೆ ಎಂದು ಕೇಳುತ್ತದೆ. ಪ್ರಯೋಗಾಲಯದ ಹೋಲಿಕೆ ಅದು ಏನು ಮಾಡಿತು ಎಂದು ಕೇಳುತ್ತದೆ. ಮೊದಲನೆಯದರಲ್ಲಿ ಕಾಣೆಯಾಗಿದ್ದ ಕರ್ಮಪದ ಎರಡನೆಯದರಲ್ಲಿ ಹೆಸರು, ವಿಳಾಸಗಳ ಸಮೇತ ಮರಳಿ ಬರುತ್ತದೆ.

ಹಾಗೆ ಮರಳಿ ಬಂದಾಗ ಬ್ರಾಂಡಿನ ಪ್ರಶ್ನೆ ಎಷ್ಟು ಸಣ್ಣದಾಗಿ ಕಾಣುತ್ತದೆ ನೋಡಿ. ನಮ್ಮ ನಾಡಿನ ಈ ಇಬ್ಬರನ್ನು ಕಿತ್ತುಕೊಂಡ ಪಿಸ್ತೂಲಿಗೆ ಕಂಪನಿಯ ಹೆಸರೇ ಇರಲಿಲ್ಲ. ಬಿಹಾರದ ಮುಂಗೇರ್‌ನಂಥ ಕಡೆ ಕಳ್ಳತನದಲ್ಲಿ ತಯಾರಾಗುವ ಪಿಸ್ತೂಲುಗಳ ಮೇಲೆ 'ಅಮೆರಿಕದಲ್ಲಿ ತಯಾರಾದದ್ದು', 'ಇಟಲಿಯಲ್ಲಿ ತಯಾರಾದದ್ದು' ಎಂದು ಸುಳ್ಳು ಮುದ್ರೆ ಒತ್ತಿರುವುದನ್ನು ಪೊಲೀಸರು ಹಲವು ಬಾರಿ ತೋರಿಸಿದ್ದಾರೆ. ಹೆಸರಿನ ಮೋಹ ಅಲ್ಲಿಗೂ ತಲುಪಿದೆ. ಇನ್ನು ನಿಜವಾದ ಇಟಲಿಯ ಮುದ್ರೆ ಇದ್ದ ಬೆರೆಟ್ಟಾ 1934 ಮಾದರಿಯ ಪಿಸ್ತೂಲೊಂದು ಗ್ವಾಲಿಯರ್ ಮಾರ್ಗವಾಗಿ ದೆಹಲಿ ತಲುಪಿ 1948ರ ಜನವರಿ 30ರ ಸಂಜೆ ಗಾಂಧೀಜಿಯ ಎದೆಗೆ ಗುರಿಯಿಟ್ಟಿತು. ಚಿಕ್ಕದು, ಗಟ್ಟಿಮುಟ್ಟಾದದ್ದು, ನಂಬಿಗಸ್ತ ಎಂದು ಬಲ್ಲವರು ಈಗಲೂ ಆ ಮಾದರಿಯನ್ನು ಹೊಗಳುತ್ತಾರೆ. ಹೊಗಳಿಕೆಯಲ್ಲಿ ಸುಳ್ಳಿಲ್ಲ. ಅಂದು ಅದು ನಂಬಿಗಸ್ತವಾಗಿಯೇ ಕೆಲಸ ಮಾಡಿತು.

ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕಾಲದ ಒಂದು ವೀರಗಲ್ಲಿದೆ. ಊರಿನ ರಕ್ಷಣೆಗಾಗಿ ಹೋರಾಡಿ ಮಡಿದ ಕಿತ್ತಯ್ಯನೆಂಬವನ ನೆನಪಿಗೆ ಅದನ್ನು ನಿಲ್ಲಿಸಲಾಗಿದೆ. ಊರಿನವರು ಕಲ್ಲಿನಲ್ಲಿ ಉಳಿಸಿಕೊಂಡದ್ದು ಸತ್ತವನ ಹೆಸರನ್ನು. ಆಯುಧವನ್ನು ಕುರಿತ ಮಾತಿನಲ್ಲಿ ಮನುಷ್ಯ ಇರಲೇಬೇಕೆಂಬ ತಿಳಿವಳಿಕೆ ಈ ನೆಲಕ್ಕೆ ಹೊಸದೇನಲ್ಲ. ಕೊಡಗಿನಲ್ಲೂ ಇದರ ಇನ್ನೊಂದು ರೂಪ ಕಾಣುತ್ತದೆ. ಕೊಡವರಿಗೂ ಅಲ್ಲಿನ ಜಮ್ಮಾ ಹಿಡುವಳಿದಾರರಿಗೂ ಆಯುಧ ಕಾಯ್ದೆಯ ಪರವಾನಗಿಯಿಂದ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ರಾಜ್ಯ ಹೈಕೋರ್ಟ್ ಎತ್ತಿಹಿಡಿಯಿತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವು ಸಂಭವಿಸಿದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಅಲ್ಲಿನದು. ಅಲ್ಲಿಯೂ ಜಗಳದ ಭರದಲ್ಲಿ ಕೋವಿ ಎತ್ತಿದ ದುರಂತಗಳು ನಡೆದಿವೆ, ಆದ್ದರಿಂದ ಅದನ್ನು ಆದರ್ಶವೆಂದು ಹಾಡಿಹೊಗಳಬೇಕಿಲ್ಲ. ಆದರೆ ಅಲ್ಲಿ ಕೋವಿ ಐನ್‌ಮನೆಯದು, ಹುಟ್ಟು-ಸಾವುಗಳ ನೆನಪಿನದು. ನಗರದ ಪಿಸ್ತೂಲು ಒಬ್ಬನ ಸೊಂಟದ ಗುಟ್ಟು.

ಈ ಗುಟ್ಟನ್ನು ಅವನು ಇಟ್ಟುಕೊಂಡಿರುವುದು ಭಯದಿಂದ. ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಬೆದರಿಕೆಗೆ ಒಳಗಾದವನ ನಿದ್ದೆಗೆಟ್ಟ ರಾತ್ರಿಗಳಿಗೆ ಹೊರಗಿನವರ ಉಪದೇಶ ಮದ್ದಲ್ಲ. ಆದರೆ ಪಿಸ್ತೂಲು ಆ ಭಯಕ್ಕೆ ಮದ್ದೇ ಎಂಬುದನ್ನು ಯಾರಾದರೂ ಪರೀಕ್ಷಿಸಬೇಕಲ್ಲ? 1993ರಲ್ಲಿ ಅಮೆರಿಕದ ವೈದ್ಯ ಆರ್ಥರ್ ಕೆಲ್ಲರ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಮನೆಯಲ್ಲಿ ಬಂದೂಕಿದ್ದವರಿಗೆ ಮನೆಯಲ್ಲೇ ಕೊಲೆಯಾಗುವ ಅಪಾಯ ಸುಮಾರು 2.7 ಪಟ್ಟು ಹೆಚ್ಚಿತ್ತು. ಆ ಹೆಚ್ಚಳ ಬಹುಪಾಲು ಕುಟುಂಬದವರ ಅಥವಾ ನಿಕಟ ಪರಿಚಿತರ ಕೈಯಿಂದ ಬಂದದ್ದು. ಬಂದೂಕುಪ್ರಿಯರು ಇದನ್ನು ಉಗ್ರವಾಗಿ ವಿರೋಧಿಸಿದರು. ಅಮೆರಿಕದ ಲೆಕ್ಕ ನಮ್ಮ ದೇಶಕ್ಕೆ ಹಾಗೆಯೇ ಅನ್ವಯಿಸುವುದೂ ಇಲ್ಲ. ಆದರೆ ಅವರು ಕೇಳಿದ ಪ್ರಶ್ನೆ ನಮ್ಮದೂ ಹೌದು. ಅವರು ಈ ಪಿಸ್ತೂಲನ್ನು ಆ ಪಿಸ್ತೂಲಿನ ಜತೆ ಹೋಲಿಸಲಿಲ್ಲ. ಪಿಸ್ತೂಲಿರುವ ಮನೆಯನ್ನು ಪಿಸ್ತೂಲಿಲ್ಲದ ಮನೆಯ ಜತೆ ಹೋಲಿಸಿದರು.

ನಮ್ಮ ಪರವಾನಗಿದಾರರೂ ಈ ಹೋಲಿಕೆಗೆ ಅಪರಿಚಿತರಲ್ಲ, ಅದನ್ನು ಹೋಲಿಕೆಯೆಂದು ಗುರುತಿಸಿಲ್ಲ ಅಷ್ಟೇ. ಚುನಾವಣೆ ಘೋಷಣೆಯಾದೊಡನೆ ಪರವಾನಗಿ ಪಡೆದ ಆಯುಧಗಳನ್ನು ಠಾಣೆಯಲ್ಲೋ ಅಧಿಕೃತ ಮಾರಾಟಗಾರರಲ್ಲೋ ಠೇವಣಿ ಇಡುವಂತೆ ಪೊಲೀಸರು ಸೂಚಿಸುತ್ತಾರೆ. ಬ್ಯಾಂಕಿನ ಕಾವಲುಗಾರರು, ಕ್ರೀಡಾಪಟುಗಳಂಥವರಿಗೆ ವಿನಾಯಿತಿ ಸಿಗುವುದುಂಟು. ಕಾಡಾನೆ, ಕಾಡುಹಂದಿಗಳ ಕಾಟವಿರುವ ಕಡೆಯ ಬೆಳೆಗಾರರು ಆಕ್ಷೇಪ ಎತ್ತುವುದುಂಟು, ಅವರ ಕಷ್ಟ ಬೇರೆಯೇ. ಆದರೆ ಹೆಬ್ಬಾಳದ, ಆರ್.ಟಿ. ನಗರದ ಮನೆಯಲ್ಲಿ ಪಿಸ್ತೂಲು ಇಟ್ಟುಕೊಂಡವರ ವಿಷಯ ಯೋಚಿಸಿ. 2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ರಿಂದ ಜೂನ್ 6ರವರೆಗೆ ಜಾರಿಯಲ್ಲಿತ್ತು. ಠೇವಣಿ ಇಟ್ಟವರು ಆ ದಿನಗಳಲ್ಲಿ ಅದೇ ಮನೆಯಲ್ಲಿದ್ದರು, ಅದೇ ವ್ಯಾಜ್ಯ, ಅದೇ ರಸ್ತೆ, ಅದೇ ರಾತ್ರಿ. ಬಾಗಿಲಿಗೆ ಚಿಲಕ ಹಾಕಿಕೊಂಡರು, ನೆರೆಯವರನ್ನು ನಂಬಿದರು, ಹೊತ್ತಾದ ಮೇಲೆ ಒಬ್ಬರೇ ಹೋಗಬೇಕಾದ ಕಡೆ ಜತೆಗೊಬ್ಬರನ್ನು ಕರೆದೊಯ್ದರು. ನಮ್ಮಲ್ಲಿ ಬಹುಪಾಲು ಜನ ವರ್ಷವಿಡೀ ಹೀಗೇ ಬದುಕುವುದು.

ಆದ್ದರಿಂದ ಮುಂದೆ ಯಾರಾದರೂ ಯಾವ ಪಿಸ್ತೂಲು ಒಳ್ಳೆಯದು ಎಂದು ಕೇಳಿದರೆ, ತೂಕ, ಟ್ರಿಗರುಗಳ ವಿವರದ ಜತೆಗೆ ಇನ್ನೂ ಕೆಲವು ಪ್ರಶ್ನೆಗಳನ್ನು ಸೇರಿಸುವುದು ಒಳಿತು. ಅದನ್ನು ಎಲ್ಲಿ ಬೀಗ ಹಾಕಿ ಇಡುತ್ತೀರಿ? ಕೀಲಿ ಎಲ್ಲಿದೆ ಎಂದು ಮನೆಯ ಮಕ್ಕಳಿಗೆ ಗೊತ್ತೇ? ಮನೆಯಲ್ಲಿ ಖಿನ್ನತೆಯಿಂದ ಬಳಲುವವರಿದ್ದಾರೆಯೇ, ಕುಡಿದು ಜಗಳಕ್ಕೆ ನಿಲ್ಲುವವರಿದ್ದಾರೆಯೇ? ಪರವಾನಗಿಗೆ ಅರ್ಜಿ ಹಾಕಿದಾಗ ಇದ್ದ ಬೆದರಿಕೆ ಇವತ್ತೂ ಇದೆಯೇ? ಈಗ ಪರವಾನಗಿಯ ಅವಧಿ ಐದು ವರ್ಷ. ನವೀಕರಣದ ಅರ್ಜಿ ತುಂಬುವ ದಿನ ಈ ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಂಡರೆ, ಕೆಲವರಾದರೂ ಆ ಅರ್ಜಿಯನ್ನು ಹಾಗೇ ಮಡಚಿಟ್ಟು, ಚುನಾವಣೆಯ ಸಮಯದಲ್ಲಿ ಠೇವಣಿ ಇಟ್ಟ ಠಾಣೆಗೇ ಪಿಸ್ತೂಲನ್ನು ಇನ್ನೊಮ್ಮೆ ಕೊಂಡೊಯ್ದಾರು. ಈ ಸಲ ರಸೀದಿ ತಂದು ಕಾಯಬೇಕಾಗಿಲ್ಲ.